ಹೊಗೆ ಗಣತಿ

ಸರ್ಕಾರಿ ಶಾಲೆಯ ಮೇಷ್ಟ್ರುಗಳು ಎಣಿಸದೆ ಬಿಟ್ಟ ವಸ್ತು ಈ ದೇಶದಲ್ಲಿ ಯಾವುದೂ ಇರಲಿಕ್ಕಿಲ್ಲ. ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮರುಳಸಿದ್ದಮ್ಮ ಮೂವತ್ತೆರಡು ವರ್ಷದ ನೌಕರಿಯಲ್ಲಿ ಜನ ಎಣಿಸಿದ್ದರು, ದನ ಎಣಿಸಿದ್ದರು, ಮತ, ಕಕ್ಕಸು, ಶಾಲೆ ಬಿಟ್ಟ ಮಕ್ಕಳು ಎಲ್ಲವನ್ನೂ ಎಣಿಸಿದ್ದರು. ನಿವೃತ್ತಿಗೆ ಹತ್ತು ತಿಂಗಳಿದ್ದಾಗ, 2009ರ ಜುಲೈನಲ್ಲಿ, ಬಿಇಒ ಕಚೇರಿಯಿಂದ ಹೊಸ ಆದೇಶ ಬಂತು. ಈ ಸಲ ಹೊಗೆ ಎಣಿಸಬೇಕಿತ್ತು.

ಆದೇಶದ ಜೊತೆ ಎರಡು ಪುಟದ ವಿವರಣೆ ಇತ್ತು. ಕಡಿಮೆ ಇಂಗಾಲ ಸುಟ್ಟು ದೇಶ ಮುಂದುವರಿಯುವುದು ಹೇಗೆ ಎಂಬ ರಾಷ್ಟ್ರೀಯ ಯೋಜನೆ ತಯಾರಾಗುತ್ತಿದೆ, ಡಿಸೆಂಬರಿನಲ್ಲಿ ಹೊರದೇಶದಲ್ಲಿ ದೊಡ್ಡ ಸಭೆ ಇದೆ, ಅದಕ್ಕಿಂತ ಮೊದಲು ಆಯ್ದ ಜಿಲ್ಲೆಗಳಲ್ಲಿ ಯಾರು ಎಷ್ಟು ಸುಡುತ್ತಾರೆಂಬ ಲೆಕ್ಕ ಸಿಗಬೇಕು. ಮರುಳಸಿದ್ದಮ್ಮನಿಗೆ ಅದನ್ನು ಓದಿ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ಹಲಗೆಯ ಮೇಲೆ ಬರೆದ ಇಂಗಾಲದ ಚಕ್ರ ಕೊನೆಗೂ ಸರ್ಕಾರದ ಕಣ್ಣಿಗೆ ಬಿತ್ತಲ್ಲ ಎಂದುಕೊಂಡರು. ಅವರ ಪಾಲಿಗೆ ಸಂಡೂರಿನ ಹತ್ತಿರದ ವಡ್ಡು ಎಂಬ ಹಳ್ಳಿ ಬಂದಿತ್ತು.

ಫಾರಮ್ಮಿನಲ್ಲಿ ಹನ್ನೊಂದು ಕಾಲಂ. ಸೌದೆ, ಕುಳ್ಳು, ಸೀಮೆಎಣ್ಣೆ, ಗ್ಯಾಸು, ದನ, ಎಮ್ಮೆ, ನೀರು ನಿಲ್ಲಿಸುವ ಗದ್ದೆ, ಸುಟ್ಟ ಹುಲ್ಲು, ಪಂಪ್‌ಸೆಟ್ಟು, ಮೋಟರ್ ಸೈಕಲ್ಲು, ಟ್ರ್ಯಾಕ್ಟರು. ಮೊದಲ ಮೂರು ದಿನ ಅವರು ಮನೆಮನೆಗೆ ಹೋಗಿ, ಸೌದೆ ಕಟ್ಟನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಸುಳ್ಳಿಲ್ಲದೆ ಬರೆದುಕೊಂಡರು. ನಾಲ್ಕನೆಯ ದಿನ ರಸ್ತೆ ಬದಿಯ ಎರ್ರೆಮ್ಮನ ಮನೆಗೆ ಬಂದರು. ಎರ್ರೆಮ್ಮ ಕೂಲಿ ಮಾಡುವ ಹೆಂಗಸು, ನಲವತ್ತು ದಾಟಿದವಳು. ಅವಳ ಮನೆಯ ಗೋಡೆ, ಹಂಚು, ಬೇವಿನ ಮರ, ಒಣಗಹಾಕಿದ ಸೀರೆ ಎಲ್ಲವೂ ಅದಿರಿನ ಕೆಂಪು ದೂಳಿನಲ್ಲಿ ಒಂದೇ ಬಣ್ಣವಾಗಿದ್ದವು.

"ದಿನಕ್ಕ ಎಷ್ಟು ಸೌದಿ ಉರಸ್ತೀಯವ್ವ?"

"ಯಾಕ್ರಿ ಅಕ್ಕೋರ, ಸೌದಿ ಕೊಡಾಕ ಬಂದೀರೇನು?"

"ಇಲ್ಲ. ನಿನ್ನ ಒಲಿ ಎಷ್ಟು ಹೊಗಿ ಬಿಡ್ತೈತಿ ಅಂತ ದಿಲ್ಲಿಗೆ ತಿಳಿಬೇಕಂತ."

ಎರ್ರೆಮ್ಮ ಮೊದಲು ನಕ್ಕಳು. ಆಮೇಲೆ ತಕ್ಕಡಿ ನೋಡಿದಳು, ಫಾರಂ ನೋಡಿದಳು, ಅವಳ ಮುಖ ಬಿಗಿಯಿತು. ಅಷ್ಟರಲ್ಲಿ ಅದಿರಿನ ಲಾರಿಯೊಂದು ಹಾದುಹೋಗಿ ಇಬ್ಬರ ಬಾಯಿಗೂ ದೂಳು ತುಂಬಿತು.

"ನನ್ನ ಒಲಿ ಅಳಿಯಾಕ ಬಂದೀರಿ. ಇದನ್ನ ಅಳದ್ರ್ಯಾ? ನಾನು ಸುಡೋದು ಬಳ್ಳಾರಿ ಜಾಲಿ. ಕಡದಷ್ಟೂ ಚಿಗೀತೈತಿ. ಇದು ಏನು ಚಿಗೀತೈತ್ರಿ?" ಎಂದು ಲಾರಿ ಹೋದ ಕಡೆ ಕೈ ತೋರಿಸಿದಳು. "ಬರಕೊಳ್ರಿ, ದಿಲ್ಲಿಗೆ ಕಳಸ್ರಿ. ಎರ್ರೆಮ್ಮ ಮುದ್ದಿ ಬೇಸಿ ದೇಶ ಕೆಡಿಸಿದಳು ಅಂತ."

ಮರುಳಸಿದ್ದಮ್ಮ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡರು. ಮರ ಮತ್ತೆ ಚಿಗುರಿದರೆ ಬಿಟ್ಟ ಇಂಗಾಲವನ್ನು ಅದೇ ಹೀರುತ್ತದೆ ಎಂದು ಒಂಬತ್ತನೆಯ ತರಗತಿಗೆ ತಾವೇ ಪಾಠ ಮಾಡಿದವರು. ಆ ಪಾಠವನ್ನು ಓದು ಬಾರದ ಹೆಂಗಸು ತಿರುಗಿ ಅವರಿಗೇ ಒಪ್ಪಿಸಿದ್ದಳು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಆ ಹನ್ನೊಂದು ಕಾಲಮ್ಮುಗಳ ಮೇಲೆ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಎರ್ರೆಮ್ಮನ ಬೇವಿನ ಕಟ್ಟೆಯ ಮೇಲೆ ಬಂದು ಕುಳಿತರು. ನಾಲ್ಕು ಗೆರೆಗೆ ಒಂದು ಅಡ್ಡಗೆರೆ ಎಳೆಯುತ್ತ, ಬಂದರಿನ ಕಡೆ ಹೊರಟ ತುಂಬಿದ ಲಾರಿಗಳನ್ನು ಮಾತ್ರ ಎಣಿಸತೊಡಗಿದರು. ಅವರು ಊಟಕ್ಕೆದ್ದಾಗ ಎರ್ರೆಮ್ಮ ಗೆರೆ ಎಳೆದಳು. ಸಂಜೆ ಆರಕ್ಕೆ ಸಾವಿರದ ನೂರಾ ಆರು ಆಗಿತ್ತು. ನಡುವೆ ಟೈರು ಪಂಕ್ಚರಾಗಿ ನಿಂತ ಡ್ರೈವರ್ ಹನುಮೇಶನನ್ನು ಕೇಳಿ ಡೀಸೆಲ್ಲಿನ ಲೆಕ್ಕ ಪಡೆದರು.

"ಲೋಡ್ ಇದ್ರ ಲೀಟರಿಗೆ ಮೂರು ಕಿಲೋಮೀಟ್ರು ಬಂದ್ರ ಭಾಳ್ರಿ," ಎಂದ ಅವನು. "ಬಂದರಿಗೆ ಹೋಗಿ ಬರಾಕ ನೂರಾ ಅರವತ್ತೈದು ಲೀಟರ್ ಬೇಕ ಬೇಕು. ಯಾಕ್ರಿ, ಲಾರಿ ತಗೊಳ್ಳೋರೇನು?"

"ಇಲ್ಲಪ್ಪ. ಬರಿಯೋರು."

ಮುಂದಿನ ವಾರಗಳಲ್ಲಿ ಉಳಿದ ಮನೆಗಳ ಗಣತಿಯನ್ನೂ ಮುಗಿಸಿ, ಗುಣಿಸಿ ಭಾಗಿಸಿದರು. ಎರಡು ಸಲ ತಾಳೆ ನೋಡಿದರು. ವಡ್ಡಿನ ಆರುನೂರು ಒಲೆಗಳು ಇಡೀ ದಿನ ಉರಿದರೆ ಏಳುವ ಇಂಗಾಲ ಹನ್ನೆರಡು ಲಾರಿಗಳು ಬಂದರಿಗೆ ಒಂದು ಸಲ ಹೋಗಿಬರುವುದಕ್ಕೆ ಸಮ. ಹನ್ನೆರಡು ಲಾರಿ ಎರ್ರೆಮ್ಮನ ಮನೆ ದಾಟಲು ಎಂಟು ನಿಮಿಷ ಸಾಕು. ಪರೀಕ್ಷೆಯಲ್ಲಿ ಜಾಗ ಸಾಲದ ಮಕ್ಕಳು ಕೇಳುವಂತೆ ಅವರೂ ಒಂದು ಅಡಿಷನಲ್ ಶೀಟ್ ತೆಗೆದುಕೊಂಡು ಇದನ್ನೆಲ್ಲ ಬರೆದು, ಫಾರಮ್ಮುಗಳ ಕಟ್ಟಿಗೆ ದಾರ ಪೋಣಿಸಿ ಕಟ್ಟಿದರು.

ಗಣತಿಯ ಗುತ್ತಿಗೆ ಹಿಡಿದ ಸಂಸ್ಥೆಯ ಕಚೇರಿ ಹೊಸಪೇಟೆಯಲ್ಲಿತ್ತು. ಅಲ್ಲಿ ಮೇಲ್ವಿಚಾರಕನಾಗಿ ಕುಳಿತಿದ್ದ ಮನೋಹರ ಅವರ ಕೈಯಲ್ಲೇ ಹತ್ತನೆಯ ತರಗತಿ ಮುಗಿಸಿದವನು. ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ, ಆಮೇಲೆ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದ.

"ಟೀಚರ್, ಕಾಲಂ ಇಲ್ಲದ್ದು ಬರಿಯಂಗಿಲ್ರಿ. ಲಾರಿ ಲೆಕ್ಕ ಬ್ಯಾರೆ. ಅದು ಡೀಸೆಲ್ ಮಾರಾಟದಾಗ ಬರ್ತೈತಿ."

"ಎಲ್ಲಿ ಡೀಸೆಲ್ ಹಾಕಿಸ್ತಾರೋ ಆ ಜಿಲ್ಲಾದಾಗ ಬರ್ತೈತಿ, ಹೌದಿಲ್ಲೋ? ದಾರಿಯಾಗ ಹಾಕಿಸಿದ್ದು ದಾರಿ ಊರಿನವರ ಪಾಲು. ಅದಿರು ಮಾರಿದವರ ಪಾಲು ಎಷ್ಟು?"

ಮನೋಹರ ಮೇಜಿನ ಮೇಲಿನ ಪೆನ್ನನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ.

"ಸುಮ್ಮನ ಬಿಡ್ರಿ ಟೀಚರ್. ಮುಂದಿನ ತಿಂಗಳು ಇಲ್ಲೇ ಜಿಲ್ಲಾ ಲೆಕ್ಕ ತೋರಿಸೋ ಸಭೆ ಐತಿ. ಅದರ ಊಟ, ಹಾಲ್ ಎಲ್ಲ ಗಣಿಯವರದು."

"ಹಂಗಾದ್ರ ಊಟ ಬ್ಯಾಡ," ಎಂದು ಮರುಳಸಿದ್ದಮ್ಮ ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಸಭೆಗೆ ಬರ್ತೀನಿ."

ಸಭೆ ಹೊಸಪೇಟೆಯ ದೊಡ್ಡ ಹೋಟೆಲಿನ ತಣ್ಣನೆ ಹಾಲಿನಲ್ಲಿ ನಡೆಯಿತು. ದಿಲ್ಲಿಯಿಂದ ಒಬ್ಬ ಅಧಿಕಾರಿ ಬಂದಿದ್ದರು, ಮೈಸೂರಿನ ಕಡೆಯ ಹೆಂಗಸು, ತಲೆ ಬೆಳ್ಳಗಾಗಿತ್ತು. ಕಂಪ್ಲಿಯ ರೈಸ್ ಮಿಲ್ಲಿನವರು, ಗಣಿಯವರು, ಮೇಷ್ಟ್ರುಗಳು ಸೇರಿ ನೂರು ಜನ. ಮರುಳಸಿದ್ದಮ್ಮ ಎರ್ರೆಮ್ಮನನ್ನೂ ಕರೆತಂದಿದ್ದರು. ಬಾಗಿಲಲ್ಲಿ ತಡೆದವನಿಗೆ "ಇವರು ನನ್ನ ಸಹಾಯಕ ಗಣತಿದಾರರು" ಎಂದರು.

ಮನೋಹರ ಪರದೆಯ ಮೇಲೆ ಹೋಳು ಮಾಡಿದ ವೃತ್ತ ತೋರಿಸಿದ. ದೊಡ್ಡ ಹೋಳು ಒಲೆಯದು. ಎರಡನೆಯದು ಕಂಪ್ಲಿಯ ಗದ್ದೆಗಳದು, ಮೂರನೆಯದು ದನಗಳದು. ಹಾಗಾಗಿ ಜಿಲ್ಲೆಯ ಪಾಲಿನ ಯೋಜನೆ: ಸೌದೆ ಒಲೆ ಬಿಡಿಸುವುದು, ಗದ್ದೆಗೆ ನೀರು ಕಡಿಮೆ ಮಾಡಿಸುವುದು. ಚಪ್ಪಾಳೆ ಬೀಳುವುದರಲ್ಲಿತ್ತು, ಮರುಳಸಿದ್ದಮ್ಮ ಎದ್ದರು.

"ಪ್ರಶ್ನೆ ಕಡಿಗೆ ಕೇಳ್ರಿ ಟೀಚರ್," ಎಂದ ಮನೋಹರ.

"ಪ್ರಶ್ನೆ ಅಲ್ಲಪ್ಪ, ಉತ್ತರ."

ನೇರವಾಗಿ ಮುಂದೆ ನಡೆದು ಬಿಳಿ ಹಲಗೆಯ ಪಕ್ಕದಲ್ಲಿ ನಿಂತರು. ಪೆನ್ನು ಕೈಗೆ ಬಂದೊಡನೆ ಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆದರು. ಮೂವತ್ತೆರಡು ವರ್ಷದ ಅಭ್ಯಾಸ. ಒಂದು ಬದಿಗೆ ಒಲೆ, ಇನ್ನೊಂದು ಬದಿಗೆ ಲಾರಿ, ಹಂತಹಂತವಾಗಿ ಬರೆದು ಕೆಳಗೆ ಎರಡು ಗೆರೆ ಎಳೆದರು. "ಎಂಟು ನಿಮಿಷ," ಎಂದರು. "ನಮ್ಮೂರು ಇಡೀ ದಿನ ಅಡಿಗಿ ಮಾಡಿದ್ದು ಈ ರಸ್ತೆ ಎಂಟು ನಿಮಿಷದಾಗ ಮಾಡ್ತೈತಿ. ಒಲಿ ಸುಧಾರಿಸ್ರಿ, ಬ್ಯಾಡ ಅನ್ನಂಗಿಲ್ಲ. ಆ ಹೊಗಿ ನಮ್ಮ ಕಣ್ಣು ತಿಂದೈತಿ. ಆದ್ರ ಯೋಜನಾ ಅಂದ್ರ ಕಡಿಮಿ ಮಾಡ್ರಿ ಅಂತ ಯಾರಿಗಾರ ಹೇಳೋದಲ್ರಿ? ಹೇಳಾಕ ಸದರಾಗಿ ಸಿಕ್ಕವರು ನಾವಷ್ಟನಾ?"

ಗಣಿಯವರ ಸಾಲಿನಿಂದ ಯಾರೋ ಅಂದರು: "ಒಂದು ದಿನದ ಲೆಕ್ಕ ಹಿಡಕೊಂಡು ದೇಶ ನಡಸಾಕಾಗ್ತೈತೇನ್ರಿ?"

ಉತ್ತರ ಎರ್ರೆಮ್ಮನಿಂದ ಬಂತು, ಹಿಂದಿನ ಸಾಲಿನಿಂದ, ಕುಳಿತಲ್ಲಿಂದಲೇ. "ನಾಳೆ ಬರ್ರಿ. ಕಟ್ಟಿ ಐತಿ, ಕುಂದ್ರಿ, ನೀವ ಎಣಸ್ರಿ."

ಕಂಪ್ಲಿಯವರ ಕಡೆ ನಗು ಎದ್ದಿತು. ದಿಲ್ಲಿಯ ಅಧಿಕಾರಿ ನಗಲಿಲ್ಲ. ಎದ್ದು ಬಂದು ಹಲಗೆಯ ಮೇಲಿನ ಒಂದೊಂದು ಸಾಲನ್ನೂ ಓದಿದರು, ಒಂದು ಕಡೆ ದಶಮಾಂಶದ ಬಗ್ಗೆ ಕೇಳಿದರು, ಮರುಳಸಿದ್ದಮ್ಮ ತಿದ್ದಿದರು. "ಈ ಲೆಕ್ಕ ಬರೆದ ಹಾಳೆಯ ಒಂದು ಪ್ರತಿ ನನಗೆ ಬೇಕು," ಎಂದರು ಅಧಿಕಾರಿ.

ಹದಿನೈದು ದಿನಕ್ಕೆ ನೋಟಿಸು ಬಂತು. ಅನುಮತಿಯಿಲ್ಲದೆ ಗಣತಿ ನಮೂನೆ ಬದಲಾಯಿಸಿದ್ದೇಕೆ, ಸಭೆಯ ಶಿಸ್ತು ಮುರಿದದ್ದೇಕೆ. ಪಿಂಚಣಿಯ ಕಾಗದಗಳು ಓಡಾಡುತ್ತಿದ್ದ ಕಾಲ ಅದು. ಹೆಡ್‌ಮಾಸ್ಟರ್ ಅಂದಾನಪ್ಪ ತಾವೇ ಕ್ಷಮಾಪಣೆಯ ಪತ್ರ ಬರೆದು ತಂದರು. "ಒಂದು ಸಹಿ ಹಾಕ್ರಿ ಮೇಡಂ, ಮುಗೀತದ." ಅವರದು ಕೆಟ್ಟ ಮನಸ್ಸಲ್ಲ. ಮರುಳಸಿದ್ದಮ್ಮ ಆ ಪತ್ರದ ಎರಡು ಕಾಗುಣಿತದ ತಪ್ಪು ತಿದ್ದಿ ಹಿಂದಿರುಗಿಸಿದರು. ನೋಟಿಸಿಗೆ ಒಂದೇ ಸಾಲಿನ ಉತ್ತರ ಬರೆದರು: "ಕೇಳಿದ್ದಕ್ಕೆ ಉತ್ತರಿಸಲು ಕೊಟ್ಟ ಜಾಗ ಸಾಲದ್ದರಿಂದ ಹಾಳೆ ಜೋಡಿಸಲಾಗಿದೆ." ಜೊತೆಗೆ ಆ ಹಾಳೆಯ ಇನ್ನೊಂದು ಪ್ರತಿ ಲಗತ್ತಿಸಿದರು.

ಪಿಂಚಣಿ ನಾಲ್ಕು ತಿಂಗಳು ತಡವಾಯಿತು. ವರದಿ ಅಚ್ಚಾಗಿ ಬಂತು. ಅದರಲ್ಲಿ ಒಲೆ ಮೊದಲಿನ ಜಾಗದಲ್ಲೇ ಇತ್ತು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ಅದಿರು ಸಾಗಣೆಯನ್ನು ಪ್ರತ್ಯೇಕವಾಗಿ ಅಳೆಯತಕ್ಕದ್ದು ಎಂದಿತ್ತು. ಎರ್ರೆಮ್ಮನಿಗೆ ಅದನ್ನು ಓದಿ ಹೇಳಿದಾಗ "ಇಷ್ಟನಾ?" ಎಂದಳು. "ಇಷ್ಟ. ಆದ್ರ ಅಚ್ಚಾಗೈತಿ, ಇನ್ನ ಮ್ಯಾಲ ಅಳಿಸಿ ಹಾಕಾಕ ಬರಂಗಿಲ್ಲ," ಎಂದರು ಮರುಳಸಿದ್ದಮ್ಮ.

ಮರುವರ್ಷ ಎರಡನೆಯ ಸುತ್ತಿನ ಗಣತಿ ಬಂತು. ಫಾರಮ್ಮಿನಲ್ಲಿ ಹನ್ನೆರಡನೆಯ ಕಾಲಂ ಸೇರಿತ್ತು: ಭಾರಿ ವಾಹನ. ಹೊಸಪೇಟೆಯಲ್ಲಿ ಗಣತಿದಾರರಿಗೆ ತರಬೇತಿ ನಡೆದ ದಿನ ಮರುಳಸಿದ್ದಮ್ಮ ಬೆಳಗಿನ ಬಸ್ಸಿಗೆ ಬಂದು ಮೊದಲ ಬೆಂಚಿನಲ್ಲಿ ಕುಳಿತರು, ಪಕ್ಕದಲ್ಲಿ ಎರ್ರೆಮ್ಮ.

ಮನೋಹರ ಪಟ್ಟಿ ನೋಡಿದ, ತಲೆ ಕೆರೆದುಕೊಂಡ. "ಟೀಚರ್, ನೀವು ರಿಟೈರ್ ಆಗೀರಿ. ನಿಮ್ಮ ಹೆಸರು ಇದರಾಗ ಇಲ್ರಿ."

"ಗೊತ್ತೈತಿ," ಎಂದರು ಅವರು, ಪೆನ್ನಿನ ಮುಚ್ಚಳ ತೆಗೆಯುತ್ತ. "ನೀ ಪಾಠ ಶುರು ಮಾಡಪ್ಪ. ತಪ್ಪಿದ್ರ ಹೇಳ್ತೀನಿ."