ಸಿಂಗನ ಕರುಳಲ್ಲಿ ಮೂರು ದಿನ

ನಾನೊಂದು ಮೆಕ್ಕೆಜೋಳದ ದಿಂಡು. ಅರ್ಧ ದಿಂಡು ಎನ್ನಬೇಕು. ದಾವಣಗೆರೆ ಕಡೆಯ ಹೊಲವೊಂದರಲ್ಲಿ, ಹಸಿರು ಸಿಪ್ಪೆಗಳ ಮಡಿಲಲ್ಲಿ, ಮೈತುಂಬ ಹಾಲುಗಾಳು ಹೊತ್ತು ಹುಟ್ಟಿದೆ. ಶ್ರಾವಣದ ಒಂದು ಸೋಮವಾರ ನನ್ನನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ, ದರ್ಜಿ ಹಾಲೇಶಪ್ಪನ ಕೈಗೆ ಕೊಟ್ಟರು.

ಅಂದು ಅವನಿಗೆ ಉಪವಾಸ. ಸಂಜೆ ಪೂಜೆಯಾಗುವ ತನಕ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದು ಹೆಂಡತಿ ಕೊಟ್ರಮ್ಮನ ಎದುರೇ ಶಿವನಿಗೆ ಮಾತು ಕೊಟ್ಟಿದ್ದ. ಹಿತ್ತಲ ಗೋಡೆಗೆ ಮುಖ ಮಾಡಿ ಗಬಗಬ ತಿಂದು ಮುಗಿಸುವಷ್ಟರಲ್ಲಿ ಅವಳ ಬಳೆಗಳ ಸದ್ದು ಕೇಳಿಸಿತು. ದಿಂಡನ್ನು ಎರಡಾಗಿ ಮುರಿದ. ಒಂದು ತುಂಡು ಗೋಡೆಯಾಚೆ ಹೋಯಿತು. ಇನ್ನೊಂದು ತುಂಡಾದ ನಾನು ಅವನ ನಾಯಿ ಸಿಂಗನ ಮುಂದೆ ಬಿದ್ದೆ. ಸಿಂಗ ಹನ್ನೊಂದು ವರ್ಷದವನು, ಯಜಮಾನ ಹಾಕಿದ್ದನ್ನು ಅಗಿಯದೆ ನುಂಗುವವನು.

ಆ ಕತ್ತಲೆಯನ್ನು ಹೇಗೆ ಹೇಳಲಿ? ಕರುಳಿನ ತಿರುವೊಂದರಲ್ಲಿ ಸಿಕ್ಕಿಕೊಂಡೆ. ಕರುಳು ನೂಕುತ್ತಿತ್ತು, ನಾನು ಅಲುಗುತ್ತಿರಲಿಲ್ಲ. ಅನ್ನ ಹೊರಲು ಹುಟ್ಟಿದವನು ಪ್ರಾಣ ತೆಗೆಯುತ್ತೇನೆಯೇ ಎಂದು ಹೆದರಿದೆ. ಮೂರು ದಿನ ಸಿಂಗ ವಾಂತಿ ಮಾಡಿದ. ಮೂರು ದಿನವೂ ಹಾಲೇಶಪ್ಪ ಬಾಯಿ ಬಿಡಲಿಲ್ಲ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ನಾನು ಕಾಣಲಿಲ್ಲ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಗಡ್ಡೆ ಇರಬಹುದು. ಸಿ.ಟಿ. ಸ್ಕ್ಯಾನ್ ಮಾಡಿದ್ರೆ ಗೊತ್ತಾಗುತ್ತೆ," ಎಂದರು.

"ಗಡ್ಡೆ ಅಂದ್ರೆ ಕುಯ್ಯೋದು ಬ್ಯಾಡ್ರಿ," ಎಂದಳು ಕೊಟ್ರಮ್ಮ. "ಮುದುಕ ಆಗ್ಯಾನ. ಮನಿಯಾಗ, ನಮ್ಮ ಕಣ್ಮುಂದ ಹೋಗ್ಲಿ."

"ಸ್ಕ್ಯಾನ್ ಒಂದು ಆಗ್ಲಿ," ಎಂದ ಹಾಲೇಶಪ್ಪ. ತನ್ನಿಂದಾಗದ ಮಾತನ್ನು ಆ ಯಂತ್ರವಾದರೂ ಆಡಲಿ ಎಂಬ ಆಸೆ ಅವನದು.

ಸಿಂಗನಿಗೆ ಮತ್ತು ಬರಿಸಿ ಯಂತ್ರದ ದುಂಡು ಬಾಯೊಳಗೆ ಸರಿಸಿದರು. ಕಾಲಿನ ನರಕ್ಕೆ ಕೊಟ್ಟ ಔಷಧಿ ರಕ್ತದ ಜೊತೆ ಹರಿದು ಬಂತು. ಅದು ಹೋದಲ್ಲೆಲ್ಲ ಪರದೆಯ ಮೇಲೆ ಕರುಳಿನ ಗೋಡೆ ಬೆಳ್ಳಗೆ ಬೆಳಗಿತು. ನಡುವೆ ನಾನೊಬ್ಬನೇ ಕಪ್ಪಗೆ ಉಳಿದೆ. ನನ್ನಲ್ಲಿ ಜೀವವಿಲ್ಲವೆಂದು ಸಮಾಧಾನಪಟ್ಟದ್ದು ಅದೇ ಮೊದಲು.

"ಗಡ್ಡೆ ಆಗಿದ್ರೆ ಔಷಧಿ ಹೀರ್ತಿತ್ತು," ಎಂದರು ಡಾಕ್ಟರಮ್ಮ. "ಇದು ಏನೋ ನುಂಗಿದ್ದು. ಏನು ಹಾಕಿದ್ರಿ?"

"ರೊಟ್ಟಿ, ಹಾಲು. ಬ್ಯಾರೆ ಏನೂ ಇಲ್ರಿ," ಎಂದಳು ಕೊಟ್ರಮ್ಮ.

"ಜೋಳದ ದಿಂಡು," ಎಂದ ಹಾಲೇಶಪ್ಪ, ನೆಲ ನೋಡುತ್ತ. "ಸೋಮವಾರ. ಕಾಳು ನಾನು ತಿಂದಿದ್ದೆ."

ಕೊಟ್ರಮ್ಮ ಅವನನ್ನೇ ನೋಡಿದಳು. "ಒಂದು ತೆನಿಗೆ ಶಿವ ಸಿಟ್ಟಾಗ್ತಿದ್ನೇನ್ರಿ? ನಾ ಇವನ್ನ ಸಾಯಾಕ ಮನಿಗೆ ಕರ್ಕೊಂಡು ಹೊಂಟಿದ್ದೆ."

ಅಂದೇ ಹೊಟ್ಟೆ ಕೊಯ್ದು ನನ್ನನ್ನು ತೆಗೆದರು. ಸಿಂಗ ಉಳಿದ.

ಈಗ ನಾನು ಡಾಕ್ಟರಮ್ಮನ ಕಪಾಟಿನಲ್ಲಿ, ಗಾಜಿನ ಸೀಸೆಯೊಳಗಿದ್ದೇನೆ. ಶಿವನ ಮುಂದೆ ಹಾಲೇಶಪ್ಪ ಏನು ಹೇಳಿಕೊಂಡನೋ ತಿಳಿಯದು. ನಾನಂತೂ, ಯಾರಾದರೂ ನಾಯಿಯನ್ನು ಎದೆಗವಚಿಕೊಂಡು ಬಂದು, ಕೇಳಿದ್ದಕ್ಕೆ ಉತ್ತರಿಸದೆ ನಿಂತರೆ, ಇಂದಿಗೂ ನಡುಗುತ್ತೇನೆ.