ಶಲ್ಯದ ಕೆಳಗಿನ ಇಂಗ್ಲೀಷು

ಆದೋನಿಯ ಚನ್ನಬಸಯ್ಯ ಸಾವ್ಕಾರರ ಹತ್ತಿ ಮಂಡಿಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ ಒಂದು. ಅದರ ಮೇಲೆ ಸಾವ್ಕಾರರೂ ಕೂರುತ್ತಿರಲಿಲ್ಲ. ಅವರದು ಗಾದಿ. ಕುರ್ಚಿ ಗುಮಾಸ್ತ ಚಂದ್ರಣ್ಣನದು, ಯಾಕೆಂದರೆ ಇಂಗ್ಲೀಷು ಚಂದ್ರಣ್ಣನದು.

ಬೊಂಬಾಯಿ ಕಂಪನಿಗೆ ಅವನು ಬರೆಯುವ ಕಾಗದಗಳು ಹಾಗಿರುತ್ತಿದ್ದವು. ಈ ಸಲ ಹತ್ತಿಯ ಎಳೆ ಗಿಡ್ಡ ಎನ್ನುವುದನ್ನೂ, ಓದಿದವರು ಎದ್ದುನಿಂತು ಕೈಮುಗಿಯುವಂತೆ ಬರೆಯುತ್ತಿದ್ದ. ಎಲ್ಲ ಕಲಿತದ್ದು ಒಂದು ದಪ್ಪ ಡಿಕ್ಷನರಿಯಿಂದ, ಒಬ್ಬನೇ ಕೂತು. ಅದರಲ್ಲಿ ಪದಗಳ ಪಕ್ಕ ಉಚ್ಚಾರಕ್ಕೆಂದು ಚುಕ್ಕೆ ಗೀಟುಗಳಿದ್ದವು. ಅವನ್ನು ನೊಣದ ಹಿಕ್ಕೆ ಎಂದುಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬ್ಲೇಡಿನಿಂದ ಕೆರೆದು ಸ್ವಚ್ಛ ಮಾಡಿದ್ದ.

“ಒಂಚೂರು ಬಾಯಿಬಿಟ್ಟು ಓದಿ ರೂಢಿ ಮಾಡ್ಕೊಳ್ರಿ,” ಎಂದು ಹೆಂಡತಿ ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಲೇ ಅನ್ನುವಳು.

“ಯಾರ ಮುಂದ ಓದ್ಲೇ? ಆದೋನ್ಯಾಗ ನನ್ನ ತಪ್ಪು ಹಿಡಿಯೋನು ಒಬ್ಬನರ ಅದಾನೇನು?”

ಅದೂ ನಿಜವೇ. ಊರಲ್ಲಿ ಇಂಗ್ಲೀಷು ಬಲ್ಲ ಉಳಿದ ನಾಲ್ಕು ಮಂದಿ ಅವನ ಹತ್ತಿರವೇ ಕಲಿತವರು. ಅವನಂತೆಯೇ ಮಾತಾಡಿ, ಒಬ್ಬರಿಗೊಬ್ಬರು ಭೇಷ್ ಅಂದುಕೊಂಡು ಸುಖವಾಗಿದ್ದರು.

ಆಂಧ್ರ ರಾಜ್ಯವಾದ ಮರುವರ್ಷ, ಆ ಕಾಗದಗಳಿಗೆ ಮನಸೋತ ಕಂಪನಿಯ ಬಿಳಿ ದೊರೆ ಹಾರ್ಟ್ಲಿ, ಬರೆದವನ ಜೊತೆ ಮಾತಾಡಿಯೇ ಹತ್ತಿ ಕೊಳ್ಳುತ್ತೇನೆಂದು ರೈಲಿಳಿದೇಬಿಟ್ಟ.

“ಚೂಡು ನಾಯನಾ, ನೋಡಪಾ,” ಎಂದರು ಸಾವ್ಕಾರರು, “ಯಾಪಾರ ಕುದುರಿತಾ, ಕುರ್ಚಿ ನಿಂದು. ತಪ್ಪಿತಾ, ನಮ್ಮ ಅಳಿಯ ಕುಂದರಾಕ ತಯಾರಾಗ್ಯಾನ.”

ಅಳಿಯ ಉಚ್ಚೀರಪ್ಪ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕುರ್ಚಿಯ ಅಳತೆ ತೆಗೆಯುತ್ತಿದ್ದ.

ಚಂದ್ರಣ್ಣ ಕೋಟಿನ ಗುಂಡಿ ಹಾಕಿಕೊಂಡು ಇಂಗ್ಲೀಷಿನಲ್ಲಿ ಸ್ವಾಗತ ಭಾಷಣ ಮಾಡಿದ. ದೊರೆ ಟೋಪಿ ತೆಗೆದು, ಕಣ್ಣುಮುಚ್ಚಿ, ಕೊನೆತನಕ ಭಕ್ತಿಯಿಂದ ಕೇಳಿದ. ಆಮೇಲೆ ತನ್ನ ಹರಕು ಹಿಂದೂಸ್ತಾನಿಯಲ್ಲಿ, “ಪೂಜಾ ಖತಂ? ಅಬ್ ಚಂದ್ರಣ್ಣ ಕೋ ಬುಲಾವ್,” ಎಂದ.

ಕರೆಯಲು ಯಾರೂ ಹೋಗದ್ದನ್ನು ಕಂಡು ದೊರೆ ಇಂಗ್ಲೀಷಿಗೆ ತಿರುಗಿದ. ಚಂದ್ರಣ್ಣನಿಗೆ ಅದು ಬಾಯಲ್ಲಿ ಬಿಸಿ ಬದನೆಕಾಯಿ ಇಟ್ಟುಕೊಂಡವನ ಮಾತಿನಂತೆ ಕೇಳಿತು.

“ಏನಂತಾನಪಾ?” ಸಾವ್ಕಾರರು ಕೇಳಿದರು.

“ಪಾಪ ಸಾವ್ಕಾರ್ರ, ದೊರೆಗೆ ಇಂಗ್ಲೀಷು ಬರಂಗಿಲ್ಲ.”

ಉಚ್ಚೀರಪ್ಪ ಬಂದು ಕುರ್ಚಿ ಒರೆಸತೊಡಗಿದ. “ನೀವು ಹಂಗ ನಿಂತ್ಕೊಳ್ರಿ ಅಣ್ಣಾರ. ಇನ್ನ ರೂಢಿ ಆಗ್ಬೇಕಲ್ಲ!”

ಚಂದ್ರಣ್ಣ ಕೋಟಿನ ಜೇಬಿನ ಪೆನ್ನಿಗೆ ಕೈಹಾಕಿದ. ಕಾಗದದ ಮೇಲೆ ಬರೆದು ತೋರಿಸೋಣವೆಂದರೆ ಸುತ್ತ ದಲಾಲರು ಕತ್ತು ಚಾಚಿ ನಿಂತಿದ್ದಾರೆ. ಹತ್ತಿಯ ಧಾರಣೆಯನ್ನು ಹಾಗೆ ಬಯಲಿಗಿಡುವುದುಂಟೆ? ಅಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯೇ ಇಲ್ಲ. ಇಬ್ಬರ ಕೈಮೇಲೆ ಶಲ್ಯ ಹೊದಿಸಿ, ಒಳಗೆ ಬೆರಳು ಹಿಚುಕಿ ಹೇಳುವುದು.

ಶಲ್ಯ! ಚಂದ್ರಣ್ಣ ಹೆಗಲ ಮೇಲಿನದನ್ನು ಎಳೆದು ದೊರೆಯ ಕೈಮೇಲೆ ಹೊದಿಸಿದ. ಒಳಗೆ ಅವನ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಇಂಗ್ಲೀಷ್ ಅಕ್ಷರ ಬರೆದ: ‘ಪೂಜ್ಯರೇ, ತಮ್ಮ ಪಾದಸ್ಪರ್ಶದಿಂದ ಈ ಬಡ ಮಂಡಿ ಪಾವನವಾಯಿತು.’

ದೊರೆಗೆ ಮೊದಲು ಕಚಗುಳಿಯಾಯಿತು. ಆಮೇಲೆ ಕಣ್ಣು ತುಂಬಿತು. ಇದೇ ಶೈಲಿ! “ಚಂದ್ರಣ್ಣ!” ಎಂದು ಕಿರುಚಿ ತಬ್ಬಿಕೊಂಡ.

ಊಟದ ಹೊತ್ತಿನವರೆಗೆ ಶಲ್ಯ ಅಲುಗುತ್ತಲೇ ಇತ್ತು. ಒಮ್ಮೆ ಇವನು ನಕ್ಕರೆ ಒಮ್ಮೆ ಅವನು.

“ಏನ್ ಇಂಗ್ಲೀಷಲೇ ಮಾರೆಪ್ಪಾ,” ಎಂದ ಒಬ್ಬ ದಲಾಲ ಪಕ್ಕದವನಿಗೆ, “ಸಪ್ಪಳಾನ ಇಲ್ಲ!”

ಹತ್ತಿ ಪೂರಾ ಮಾರಾಟವಾಯಿತು. ಉಚ್ಚೀರಪ್ಪ ಒರೆಸಿ ಹೊಳೆಯಿಸಿದ ಕುರ್ಚಿಯಲ್ಲಿ ಚಂದ್ರಣ್ಣನೇ ಕೂತ.

ಸಂಜೆ ರೈಲು ಹೊರಡುವಾಗ ದೊರೆ ಕಿಟಕಿಯಿಂದ ಕೈ ಚಾಚಿದ. ಚಂದ್ರಣ್ಣ ಶಲ್ಯ ಹೊದಿಸಿಕೊಂಡೇ ಪ್ಲಾಟ್‌ಫಾರಂ ಮುಗಿಯುವತನಕ ಓಡಿದ. ದೊರೆ ಅವನ ಅಂಗೈಯಲ್ಲಿ ಅವಸರದಿಂದ ಏನೋ ಗೀಚಿದ. ಶಲ್ಯ ರೈಲಿನ ಜೊತೆ ಬೊಂಬಾಯಿಗೆ ಹೋಯಿತು.

“ಏನಂದ? ಏನಂದ?” ಸಾವ್ಕಾರರು ಏದುಸಿರು ಬಿಡುತ್ತಾ ಬಂದರು.

“ನಿಮ್ಮ ಹತ್ತಿ ಬಂಗಾರ ಅಂದಾನ್ರಿ.”

ಮನೆಯಲ್ಲಿ ಅಕ್ಕನಾಗಮ್ಮ ಬಿಡಲಿಲ್ಲ. “ಖರೇ ಏನು ಬರ್ದ, ಹೇಳ್ರಿ?”

“ದಯಮಾಡಿ ಉಚ್ಚಾರ ತಿದ್ಕೊ ಅಂದ.”

“ಬಂಗಾರದಂಥ ಮನಿಷ್ಯಾ! ನಾ ಹೇಳಿದ್ದೂ ಅದ ಅಲ್ಲೇನು? ಈಗರ ತಿದ್ಕೊಂತೀರಿಲ್ಲ?”

ಚಂದ್ರಣ್ಣ ಅಂಗೈ ನೋಡಿಕೊಂಡ. ತನ್ನ ಇಂಗ್ಲೀಷು ಇನ್ನೂ ಸುಧಾರಿಸಬೇಕೆಂಬುದು ಅವನಿಗೂ ಒಪ್ಪಿಗೆಯಾಯಿತು.

“ಹರಳೆಣ್ಣಿ ಬೆಚ್ಚಗ ಮಾಡು.”

“ಗಂಟಲಿಗೇನ್ರಿ?”

“ಬೆರಳಿಗೆ.”