ಗೇರು ಹಿಂದಕ್ಕೆ ಬಿದ್ದಾಗ ಬರುವ ಹಾಡು

ಟೈರು ಭವ್ಯಳ ಎಡಗಾಲಿನ ಚಪ್ಪಲಿಯನ್ನಷ್ಟೇ ನುಂಗಿತು. ಕಾಲು ಉಳಿಯಿತು. ಬಂಡ್ರಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ತ್ರಿವೇಣಿ ಓಡಿಬಂದು ಆ ಮೂರನೇ ತರಗತಿಯ ಹುಡುಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡಾಗಲೂ ಅದಿರು ಲಾರಿ ಹಿಂದಕ್ಕೆ ಬರುತ್ತಲೇ ಇತ್ತು, ಹಾಡುತ್ತಲೇ ಇತ್ತು.

ಹಾಡು ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ವರ್ಷದ ಹಿಂದೆ ಬಂದಿದ್ದ ಒಂದು ಸಿನಿಮಾದ್ದು. ಕಾಲೇಜು ಮೆಟ್ಟಿಲೇರಿದ ಹುಡುಗ, ಹುಡುಗಿ, ಒಂದು ಸೈಕಲ್ಲು, ಅಷ್ಟೇ ಕಥೆ. ಹೊಸಪೇಟೆಯ ಟಾಕೀಸಿನಿಂದ ಅದು ಎತ್ತಂಗಡಿಯಾಗಿ ಯಾವುದೋ ಕಾಲವಾಗಿತ್ತು. ಹಾಡು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಕಂಪ್ಲಿಯ ಮದುವೆ ಬ್ಯಾಂಡಿಗೆ ಬಂತು, ಸಂಡೂರು ಬಸ್ಸಿನ ಕಂಡಕ್ಟರನ ಮೊಬೈಲಿಗೆ ಬಂತು, ಕೊನೆಗೆ ಲಾರಿಗಳ ರಿವರ್ಸ್ ಹಾರ್ನಿಗೂ ಬಂತು. ಬಿ.ಎಡ್. ಓದುವಾಗ ತ್ರಿವೇಣಿಯೂ ಹಾಸ್ಟೆಲಿನ ಬಚ್ಚಲಲ್ಲಿ ಅದನ್ನು ಗುನುಗಿದವಳೇ. ಈಗ ಕೇಳಿದರೆ ಮೊದಲು ಗೇಟಿನ ಕಡೆ ತಿರುಗಿ ಮಕ್ಕಳನ್ನು ಎಣಿಸುತ್ತಿದ್ದಳು.

ಶಾಲೆಯ ಪಕ್ಕದ ಹೊಲವನ್ನು ನಾಗೇಂದ್ರಪ್ಪ ಎಂಬ ಲಾರಿ ಮಾಲೀಕ ಅದಿರು ರಾಶಿ ಹಾಕುವ ಪ್ಲಾಟು ಮಾಡಿಕೊಂಡಿದ್ದ. ಓಣಿ ಇಕ್ಕಟ್ಟು. ಲಾರಿಗಳು ಶಾಲೆಯ ಗೇಟಿನ ಮುಂದೆ ಹಾದು ಹಿಮ್ಮುಖವಾಗಿಯೇ ಪ್ಲಾಟಿನೊಳಗೆ ಹೋಗಬೇಕು. ಅದನ್ನೇ ಮಕ್ಕಳು ಆಟ ಮಾಡಿಕೊಂಡಿದ್ದರು. ಹಾಡು ಶುರುವಾದ ಕೂಡಲೇ ಓಡಿಹೋಗಿ ಲಾರಿಯ ಹಿಂದೆ ನಿಲ್ಲಬೇಕು, ಸಿನಿಮಾದಲ್ಲಿದ್ದಂತೆ ಕುಣಿಯಬೇಕು, ಕುಣಿಯುತ್ತಲೇ ಹಿಂದೆ ಸರಿಯಬೇಕು. ಎಲ್ಲರಿಗಿಂತ ಕೊನೆಗೆ ಪಕ್ಕಕ್ಕೆ ಜಿಗಿದವರು ಗೆದ್ದಂತೆ. ಆ ದಿನ ಗೆದ್ದವಳು ಭವ್ಯ.

ಸಂಜೆ ತ್ರಿವೇಣಿ ಅವಳನ್ನು ಮನೆಗೆ ಬಿಡಲು ಹೋದಳು. ಅಪ್ಪ ಉಚ್ಚೆಂಗೆಪ್ಪ ಅದೇ ಪ್ಲಾಟಿನಲ್ಲಿ ಸಲಿಕೆ ಹಿಡಿದು ಅದಿರು ಕೂಡಿಸುವವನು. ಮಗಳ ಬರಿಗಾಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಮೊದ್ಲು ನಾನಾ ಆ ಲಾರಿಗೆ ಕ್ಲೀನರ್ ಇದ್ದೆ ಮೇಡಮ್ಮರ. ಹಿಂದ ನಿಂತು ಬರ್ಲಿ, ಬರ್ಲಿ ಅಂತಿದ್ದೆ. ಈ ಹಾರ್ನು ಬಂತು ನೋಡ್ರಿ, ಸಾವ್ಕಾರ ನನ್ನ ಇಳಿಸಿಬಿಟ್ಟ. ಹಾಡಾ ಹೇಳ್ತೈತಲ್ಲಲೇ, ನೀ ಇನ್ಯಾಕ ಅಂದ.”

ತ್ರಿವೇಣಿ ಆ ರಾತ್ರಿ ಅದನ್ನೇ ಯೋಚಿಸಿದಳು. ಮನುಷ್ಯನ ಕಣ್ಣು ತೆಗೆದು ಆ ಜಾಗದಲ್ಲಿ ಒಂದು ಹಾಡನ್ನು ಕೂರಿಸಿದ್ದರು. ಅದೂ ಎಂಥ ಹಾಡು? ದೂರ ಹೋಗು ಎನ್ನಬೇಕಾದದ್ದು ಹತ್ತಿರ ಬಾ ಎನ್ನುತ್ತಿತ್ತು.

ಮರುದಿನ ಅವಳು ನಿಂತ ಲಾರಿಯ ಹಿಂದೆ ಟೇಪು ಹಿಡಿದು ಅಳೆದಳು. ಬಾಡಿಯಿಂದ ಒಂಬತ್ತು ಅಡಿಯವರೆಗೆ, ನಾಲ್ಕು ಅಡಿಗಿಂತ ಗಿಡ್ಡ ಇರುವ ಯಾರೂ ಡ್ರೈವರನ ಎರಡು ಕನ್ನಡಿಗಳಲ್ಲಿ ಒಂದರಲ್ಲೂ ಕಾಣುವುದಿಲ್ಲ. ಚಿತ್ರ ಬರೆದು, ಅಳತೆ ಹಾಕಿ, ಹಿಂದೆ ಒಬ್ಬ ಮನುಷ್ಯನಿಲ್ಲದೆ ಲಾರಿ ಒಳಗೆ ಬರಕೂಡದು ಎಂದು ಅರ್ಜಿ ಬರೆದು ಹೆಡ್ ಮಾಸ್ತರ ಕೊಟ್ರಬಸಪ್ಪನವರ ಮುಂದಿಟ್ಟಳು.

ಅವರು ಕನ್ನಡಕ ಏರಿಸಿ ಓದಿದರು. “ಬರೋಬ್ಬರಿ ಬರ್ದೀರಿ. ಶಾಲಿ ಮುಂದ ಲವ್ ಸಾಂಗು! ಹುಡುಗ್ರು ಕೆಡ್ತಾವ.”

“ಸರ್, ನಾ ಬರ್ದಿದ್ದು ಕನ್ನಡಿ ಬಗ್ಗೆ.”

“ಅದೂ ಐತಿ ಬಿಡ್ರಿ. ಮುಖ್ಯ ಸಂಸ್ಕಾರ. ನಾಗೇಂದ್ರಪ್ಪನೋರು ಭಾಳ ಚಲೋ ಮನಷ್ಯಾ, ಮೈಕ್‌ಸೆಟ್ ಕೊಟ್ಟಾರ. ನಾ ಮಾತಾಡ್ತೀನಿ.”

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ನಾಗೇಂದ್ರಪ್ಪ ಖುದ್ದಾಗಿ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು. ಕೆಂಪು ಧೂಳು ಊರಿನ ಎಲೆ ಎಲೆಯ ಮೇಲೆ ಕೂತಿದ್ದರೂ ಅವನ ಮೇಲೆ ಕೂರಲು ಅಂಜುತ್ತಿತ್ತು. ತಾನೇ ಕೊಟ್ಟ ಮೈಕು ಹಿಡಿದು, “ಮೇಡಮ್ಮಾರು ಹೇಳಿದ್ದು ಖರೇ ಐತಿ. ಇವತ್ತಿನಿಂದ ನಮ್ಮ ಗಾಡಿಯಾಗ ಸಿನಿಮಾ ಹಾಡು ಬಂದ್. ದೇವ್ರ ಹಾಡು,” ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ ಮಾಸ್ತರರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹನ್ನೊಂದೂಕಾಲಿಗೆ ಊಟದ ಬಿಡುವು ಇನ್ನೂ ದೂರವಿತ್ತು. ಚಿಕ್ಕ ತರಗತಿಯವರನ್ನು ನೀರು ಕುಡಿಯಲು ಬಿಟ್ಟಿದ್ದರು. ತ್ರಿವೇಣಿ ಬೋರ್ಡಿನ ಮೇಲೆ ಅರ್ಧ ವೃತ್ತ ಎಳೆದಿದ್ದಳು. ಹೊರಗೆ ಹಾಡು ಶುರುವಾಯಿತು. ಅದೇ ಹಾಡು. ಒಂದು ಸ್ವರವೂ ಬೇರೆಯಲ್ಲ.

ಸೀಮೆಸುಣ್ಣ ಎಸೆದು ಓಡಿದಳು. ಲಾರಿಯ ಹಿಂದೆ ಏಳೆಂಟು ಮಕ್ಕಳು. ನಡುವೆ ಭವ್ಯ. ಈಗ ದೇವರ ಹಾಡಲ್ಲವೇ, ಅದಕ್ಕೆ ಎರಡೂ ಕೈ ನೆತ್ತಿಯ ಮೇಲೆ ಮುಗಿದುಕೊಂಡು ಕುಣಿಯುತ್ತಿದ್ದಳು.

ತ್ರಿವೇಣಿ ಮಕ್ಕಳನ್ನು ಗೇಟಿನೊಳಗೆ ತಳ್ಳಿ ಲಾರಿಯ ಬಾಡಿಗೆ ಅಂಗೈಯಿಂದ ದಬದಬ ಬಡಿದಳು. ಬ್ರೇಕು ಕಿರುಗುಟ್ಟಿತು. ಡ್ರೈವರ ಗಾಳೆಪ್ಪ ತಲೆ ಹೊರಗೆ ಹಾಕಿದ.

“ಬದ್ಲಿ ಮಾಡ್ತೀವಿ ಅಂದಿದ್ರಲ್ರೀ!”

“ಮಾಡೀವಲ್ರೀ ಮೇಡಮ್ಮರ. ಇದು ದೇವ್ರ ಹಾಡು.”

“ಅದಾ ಧಾಟಿ ಐತಲ್ರೀ!”

“ಹ್ಞೂಂ ಮತ್ತ. ಶ್ರಾವಣಕ್ಕ ಬಂದ ಸೀಡಿಯಾಗ ಅದಾ ಧಾಟಿಗೆ ದೇವ್ರ ಮಾತು ಕೂಡಿಸ್ಯಾರ, ಮಸ್ತ್ ನಡದೈತಿ. ಹಾರ್ನಿಗೆ ಎಲ್ಲಿ ಮಾತು? ಹಳೇದಾ ಇರ್ಲಿ ಬಿಡಲೇ ಅಂದ್ರು ಸಾವ್ಕಾರ.” ಹೇಳುತ್ತಾ ಅವನಿಗೇ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ.

“ಇಳೀರಿ ಕೆಳಗ.”

“ಯಾಕ್ರೀ?”

“ಇಳೀರಿ ಅಂದೆ.”

ಇಳಿದ. ಅವನನ್ನು ಲಾರಿಯ ಹಿಂದೆ, ಭವ್ಯ ನಿಂತಿದ್ದಲ್ಲೇ ಕುಕ್ಕರುಗಾಲಲ್ಲಿ ಕೂರಿಸಿದಳು. “ನಿಮ್ಮ ಕನ್ನಡಿ ಕಾಣ್ತೈತೇನ್ರಿ?”

ಗಾಳೆಪ್ಪ ಕುತ್ತಿಗೆ ಅತ್ತ ಇತ್ತ ಚಾಚಿದ. ಎದುರಿಗೆ ಕೆಂಪು ಮೆತ್ತಿದ ಕಬ್ಬಿಣದ ಗೋಡೆ ಮಾತ್ರ. “ಇಲ್ಲ.”

“ಇಲ್ಲಿಂದ ಕನ್ನಡಿ ಕಾಣ್ಲಿಲ್ಲಂದ್ರ, ಕನ್ನಡಿಯಾಗ ಇಲ್ಲಿದ್ದೋರೂ ಕಾಣಂಗಿಲ್ಲ. ಇದು ಏಳನೇ ಕ್ಲಾಸಿನ ಪಾಠ.”

ಅವನು ಪ್ಯಾಂಟಿನ ಧೂಳು ಕೊಡವಿ ಎದ್ದ. ಆಮೇಲೆ ಮೊಬೈಲು ತೆಗೆದು ಸಾವ್ಕಾರನಿಗೆ ಹಚ್ಚಿ ಅವಳ ಕೈಗೆ ಕೊಟ್ಟ.

“ಆತು ಮೇಡಮ್ಮರ,” ನಾಗೇಂದ್ರಪ್ಪನ ದನಿ ಸಮಾಧಾನವಾಗಿತ್ತು, “ಯಾವ ಹಾಡು ಬೇಕು ಹೇಳಿಬಿಡ್ರಿ. ಹೊಸಪ್ಯಾಟಿಗೆ ಹೇಳಿ ಹಾಕಿಸ್ತೀನಿ.”

“ಹಾಡು ಬ್ಯಾಡ್ರೀ. ಮನಷ್ಯಾ ಬೇಕು. ಹಿಂದ ನಿಂತು ನೋಡೋ ಮನಷ್ಯಾ.”

“ಈಗ ಎಲ್ಲಿ ಸಿಗ್ತಾರ್ರೀ ಆಳು?”

“ನೀವು ಇಳಿಸಿದೋರು ಇಲ್ಲೇ ಅದಾರ. ಅವ್ರು ಬಂದು ನಿಲ್ಲೋ ತನಕ ನಾ ಇಲ್ಲಿಂದ ಸರಿಯಂಗಿಲ್ಲ.”

ಫೋನು ಕಟ್ಟಾಯಿತು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಲಾರಿಯ ಹಿಂದೆ ನೆಲದ ಮೇಲೆ ಕೂತಳು. ಇಪ್ಪತ್ತು ನಿಮಿಷದಲ್ಲಿ ಓಣಿಯಲ್ಲಿ ಐದು ಲಾರಿ ಸಾಲುಗಟ್ಟಿದವು. ಹಿಂದೆ ಸರಿಯಲು ಒಂದೊಂದೂ ಗೇರು ಹಾಕಿತು. ಒಂದೇ ಹಾಡು ಐದು ಬಾಯಿಂದ, ಒಂದರ ಹಿಂದೆ ಒಂದು, ಅಡ್ಡಾದಿಡ್ಡಿಯಾಗಿ ಒದರತೊಡಗಿತು. ಕೊಟ್ರಬಸಪ್ಪನವರು ಗೇಟಿನ ಸರಳು ಹಿಡಿದು ಕೂಗಿದರು: “ಏಳ್ರಿ ಮೇಡಂ! ಮೈಕ್‌ಸೆಟ್ ವಾಪಸ್ ಒಯ್ತಾನ ಆತ!”

“ಒಯ್ಲಿ ಸರ್!”

ಗಾಳೆಪ್ಪ ಸಾಲನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಪ್ಲಾಟಿನ ಕಡೆ ತಿರುಗಿ ಬಾಯಿಗೆ ಕೈ ಹಿಡಿದು ಕೂಗಿದ: “ಲೇ ಉಚ್ಚೆಂಗೆಪ್ಪಾ! ಸಲಿಕಿ ಒಗದು ಬಾರಲೇ ಜಲ್ದಿ!”

ಉಚ್ಚೆಂಗೆಪ್ಪ ಬಂದ. ಗೇಟಿನೊಳಗಿದ್ದ ಮಗಳನ್ನೊಮ್ಮೆ ನೋಡಿ ಲಾರಿಯ ಹಿಂದಿನ ಮೂಲೆಗೆ, ಕನ್ನಡಿಗೆ ಕಾಣುವಂತೆ ನಿಂತ. “ಬಾಜೂ ಸರೀರಿ ಮೇಡಮ್ಮರ.”

“ನಾಳೆ?” ಅವಳು ಏಳದೆ ಕೇಳಿದಳು.

“ನಾಳಿದು ಸಾವ್ಕಾರ ಬಲ್ಲ,” ಎಂದ ಗಾಳೆಪ್ಪ.

“ಹಂಗಾರ ನಾಳಿನೂ ನಾ ಇಲ್ಲೇ.” ಎದ್ದಳು.

ಗಾಳೆಪ್ಪ ಗೇರು ಹಾಕಿದ. “ಬರ್ಲಿ, ಬರ್ಲಿ,” ಎಂದು ಉಚ್ಚೆಂಗೆಪ್ಪ ಕೂಗಿದ್ದು ಹಾಡಿನಡಿ ಮುಚ್ಚಿಹೋಯಿತು. ಎರಡೇ ಮಾರು ದೂರದಲ್ಲಿದ್ದ ತ್ರಿವೇಣಿಗೇ ಕೇಳಲಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ ಬಾಗಿಲಿಗೆ ಬಡಿದಳು.

“ಆರಿಸ್ರೀ ಅದನ್ನ!”

“ಅದಕ್ಕ ಸ್ವಿಚ್ಚಿಲ್ರೀ!”

“ವೈರು ಹರೀರಿ!”

ಗಾಳೆಪ್ಪ ಬ್ರೇಕು ಒತ್ತಿದ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಹಾರ್ನಿನ ವೈರನ್ನು ತಡಕಾಡತೊಡಗಿದ.